ತೂತುಬಿದ್ದ ತವರಿನ ಹಂಡೆ

ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ, ಬೆಳಗಾವಿಯ ನಮ್ಮ ಮನೆಯ ಬಚ್ಚಲೊಲೆಯ ಮೇಲೆ ಕೂತ ತಾಮ್ರದ ಹಂಡೆಗೆ ನೆಗಡಿಯಾಗಿತ್ತು. ಹೌದು, ನೆಗಡಿಯೇ, ಗಳಿಗೆಗೊಮ್ಮೆ ಅದರ ತಳದಿಂದ ಒಂದು ಹನಿ ಇಳಿದು, ಕೆಂಡದ ಮೇಲೆ ಬಿದ್ದು, ಚುಂಯ್ ಎಂದು ಸದ್ದು ಮಾಡಿ ಹೊಗೆಯೆಬ್ಬಿಸುತ್ತಿತ್ತು. ಲಿಂಗಪೂಜೆಗೆ ಮೊದಲು ಸುಡುನೀರಿನ ಸ್ನಾನ ಆಗದಿದ್ದರೆ ದಿನವೇ ಹಾಳೆಂದು ನಂಬಿದ್ದ ಅಪ್ಪ, ಪಂಜೆ ಸುತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು.

ಆ ಹಂಡೆ ಅವ್ವನ ತವರಿನದು. ಖಾನಾಪುರದ ಅಜ್ಜ ಮಗಳ ಮದುವೆಗೆಂದು ಕೊಟ್ಟು, ಕಂಠದ ಸುತ್ತ ಅವಳ ಹೆಸರು ಕೊರೆಸಿದ್ದರು. ಅಜ್ಜ ತೀರಿಕೊಂಡ ಮೇಲೆ ಅವಳ ಪಾಲಿಗೆ ಉಳಿದದ್ದು ಅದೊಂದೇ. ನಾಲ್ಕು ಸಲ ಬೆಸುಗೆ ಹಾಕಿಸಿಕೊಂಡ ಅದರ ತಳ ಈಗ ಐದನೆಯ ಬೆಸುಗೆಗೆ ಒಪ್ಪಲಿಲ್ಲ. ಹಂಡೆಯನ್ನು ಪಾತ್ರೆ ಮಾರುವ ಬೋಗಾರರ ಅಂಗಡಿಗೆ ಕೊಟ್ಟು, ಅದರ ಬದಲಿಗೆ ನೀರು ಕಾಯಿಸಲು ಹೊಗೆಕೊಳವೆಯಿರುವ ಹೊಸ ಬಂಬ ತರುವುದೆಂದು ಅಪ್ಪ ತೀರ್ಮಾನಿಸಿದರು.

"ಹಂಡಿ ಒಯ್ಯೋದಾದ್ರ ನನ್ನೂ ಅದರಾಗ ಕುಂದರಿಸಿ ಒಯ್ರಿ" ಎಂದಳು ಅವ್ವ. ಅಪ್ಪ ಹಂಡೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಅಳತೆ ಹೊಂದಲಿಲ್ಲವೆಂದು ತೋರುತ್ತದೆ, ಹಿತ್ತಲಿಗೆ ನಡೆದರು.

ಅದೇ ವಾರ ನಮ್ಮ ಓಣಿಯ ಗಣಪತಿ ಮಂಡಳದ ಹಿರಿಯರೊಬ್ಬರು ಚಹಾಕ್ಕೆ ಬಂದವರು, ಮಂಡಳದ ನಗಾರಿ ಸೀಳಿಹೋಗಿದೆ, ಈ ಸಲ ಗಣಪತಿ ಸಪ್ಪಗೆ ಬರಬೇಕಾದೀತು ಎಂದು ಹಲುಬಿದರು. ಒಳಗೆ ಪಾತ್ರೆ ತಿಕ್ಕುತ್ತಿದ್ದ ಅವ್ವ ಒದ್ದೆ ಕೈಯಲ್ಲೇ ಹೊರಗೆ ಬಂದು, "ನಮ್ಮ ಹಂಡಿಗೆ ಚರ್ಮ ಬಿಗಿದ್ರ ನಗಾರಿ ಆಗಂಗಿಲ್ಲೇನ್ರಿ?" ಎಂದು ಕೇಳಿದಳು. ಹಿರಿಯರಿಗೆ ಚಹಾ ನೆತ್ತಿಗೇರಿತು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಕರಾರು ಹಾಕಿದರು: "ಆಗ್ಲಿ. ಗಣಪತಿ ಕುಂದರೂ ದಿನ ಅದು ನುಡೀಲಿಲ್ಲಂದ್ರ, ಮರುದಿನ ಬೋಗಾರರ ಅಂಗಡಿ. ಮತ್ತ ಅಳೂಹಂಗಿಲ್ಲ."

ಹಬ್ಬಕ್ಕೆ ಇನ್ನು ಹದಿನೈದು ದಿನವಿತ್ತು. ಅವ್ವನೂ ನಾನೂ ಹಂಡೆಯನ್ನು ನಡುವೆ ಕೂರಿಸಿಕೊಂಡು ಖಾನಾಪುರದ ರೈಲು ಹತ್ತಿದೆವು. ಹದಿನಾರರ ಹುಡುಗಿ ನನಗೆ ನಾಚಿಕೆಯಿಂದ ಕಿಟಕಿಯಾಚೆ ಹಾರಿಬಿಡೋಣವೆನಿಸುತ್ತಿತ್ತು. ಅವ್ವನಿಗೆ ಮಾತ್ರ ಮದುಮಗಳನ್ನು ತವರಿಗೆ ಕರೆದೊಯ್ಯುವ ಸಡಗರ. ಎದುರಿಗೆ ಕೂತ, ಗುಂಜಿ ಎಂಬ ಊರಿಗೆ ಹೊರಟಿದ್ದ ಮರಾಠಿ ಅಜ್ಜಿಯೊಬ್ಬಳು ಹಂಡೆಯನ್ನು ಇಣುಕಿ ನೋಡಿ, ಖಾಲಿಯಿರುವುದನ್ನು ಖಾತ್ರಿಮಾಡಿಕೊಂಡು, ಕೇಳದೆಯೇ ತನ್ನ ಸವತೆಕಾಯಿಗಳನ್ನೆಲ್ಲ ಅದರೊಳಗಿಟ್ಟು ಹಾಯಾಗಿ ಕಾಲು ಚಾಚಿದಳು. ನಾವು ಇಳಿಯುವಾಗ ಎರಡನ್ನು ನಮಗೆ ಬಿಟ್ಟಳು.

ಖಾನಾಪುರದಲ್ಲಿ ಚರ್ಮವಾದ್ಯ ಕಟ್ಟುವ ಪರಶುರಾಮ ಹಂಡೆಯನ್ನು ಬೋರಲು ಹಾಕಿ ಬೆರಳಿನಿಂದ ತಟ್ಟಿ, ತಲೆದೂಗಿದ. ಅವ್ವ ತಪ್ಪೊಪ್ಪಿಕೊಳ್ಳುವವಳ ಹಾಗೆ ಮೆಲ್ಲಗೆ, "ತಳಕ್ಕ ತೂತು ಐತಿ" ಎಂದಳು.

"ಇರಬೇಕ್ರಿ ಅವ್ವಾರ! ತೂತಿಲ್ಲಂದ್ರ ನಗಾರಿ ಉಸಿರಾಡೂದು ಹ್ಯಾಂಗ?" ಎಂದವನೇ, ನಾಲ್ಕು ಬೆಸುಗೆಗಳನ್ನೂ ಚಾಣದಿಂದ ಕೆತ್ತಿ ತೆಗೆದು, ಆ ತೂತನ್ನು ಇನ್ನಷ್ಟು ದುಂಡಗೆ ಮಾಡಿದ.

ಗೆಳೆಯರೇ, ಆ ಕ್ಷಣದಲ್ಲಿ ಅವ್ವನ ಮುಖ ನೋಡಬೇಕಿತ್ತು. ಎಷ್ಟೋ ವರ್ಷಗಳಿಂದ ಯಾವುದನ್ನು ಮುಚ್ಚಲು ಹೆಣಗಿದ್ದಳೋ ಅದನ್ನೇ ಒಬ್ಬ ಬಲ್ಲವನು ಬೇಕೆಂದು ಕೇಳಿದ್ದ. ನಾವು ಎಷ್ಟು ಅವಸರದಿಂದ ಒಂದು ವಸ್ತುವಿಗೆ ಕೆಟ್ಟಿದೆಯೆಂಬ ಹಣೆಪಟ್ಟಿ ಹಚ್ಚಿಬಿಡುತ್ತೇವೆ! ನೀರು ನಿಲ್ಲದ ಹಂಡೆಯಲ್ಲಿ ನಾದ ನಿಲ್ಲಬಹುದೆಂದು ಯಾರಾದರೂ ಯೋಚಿಸಿದ್ದರೇ? ಮನುಷ್ಯರಲ್ಲೂ ಹೀಗೆ ತಪ್ಪು ಒಲೆಯ ಮೇಲೆ ಕೂತು ಸೋರುತ್ತಿರುವವರು ಎಷ್ಟಿದ್ದಾರೋ. ಲೆಕ್ಕದಲ್ಲಿ ಸದಾ ಸೋರುತ್ತಿದ್ದ ನನಗಂತೂ ಅಂದು ಬಹಳ ಸಮಾಧಾನವಾಯಿತು.

ನಗಾರಿ ಸಿದ್ಧವಾಗಿ ಮನೆಗೆ ಬಂತು. ಅದರ ಮೇಲೆ ಕೋಲಾಡಿಸುವುದನ್ನು ಪರಶುರಾಮನಿಂದ ಕಲಿತಿದ್ದ ಅವ್ವ, ಅಪ್ಪ ಕಚೇರಿಗೆ ಹೋದದ್ದೇ ತಡ, ಅಭ್ಯಾಸಕ್ಕೆ ಕೂರುತ್ತಿದ್ದಳು. ಸಾರು ಉಕ್ಕಿದ್ದೂ ಕೇಳಿಸುತ್ತಿರಲಿಲ್ಲ. ಎಲ್ಲವೂ ಸುಸೂತ್ರವಾಗಿಯೇ ಇತ್ತು, ಹಬ್ಬದ ಹಿಂದಿನ ಸಂಜೆಯವರೆಗೆ. ಅಂದು ಅವಳು, ಹಬ್ಬಕ್ಕೆ ಮೊದಲು ತಾಮ್ರ ಬೆಳಗುವ ಇಪ್ಪತ್ತು ವರ್ಷಗಳ ರೂಢಿಯಂತೆ, ನಗಾರಿಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ, ಎರಡು ಕೊಡ ನೀರು ಸುರಿದು ತೊಳೆದುಬಿಟ್ಟಳು. ತಾಮ್ರ ಕೆಂಪಗೆ ಹೊಳೆಯಿತು. ಚರ್ಮ ನೀರು ಕುಡಿದು ಜೋತುಬಿತ್ತು.

ಮುಂಜಾನೆ ಕೋಲು ಹಾಕಿದರೆ ಥಪ್! ಹಸಿ ಹಿಟ್ಟಿನ ಮುದ್ದೆಗೆ ಹೊಡೆದ ಸದ್ದು. ಹೊರಗೆ ಜಡಿಮಳೆ, ಒಣಗಿಸಲು ಬಿಸಿಲಿಲ್ಲ. ಗಣಪತಿಯನ್ನು ತರಲು ಮಂಡಳದವರು ಆಗಲೇ ಹೊರಟಿದ್ದರು. ಅಪ್ಪ ಹಂಡೆ ಒಯ್ಯಲು ಅಟ್ಟದಿಂದ ಗೋಣಿಚೀಲ ಇಳಿಸಿದರು.

ಅವ್ವ ಸೆರಗು ಬಿಗಿದು, ನಗಾರಿಯನ್ನು ತಬ್ಬಿಕೊಂಡು ನೇರ ಬಚ್ಚಲಿಗೆ ನಡೆದಳು. ಹಂಡೆಯನ್ನು ಅದರ ಹಳೆಯ ಒಲೆಯ ಮೇಲೆ, ಆದರೆ ಈ ಸಲ ಬೋರಲಾಗಿ, ಇಟ್ಟಿಗೆಗಳ ಎತ್ತರದ ಮೇಲೆ ಇಟ್ಟಳು. "ಸುಟ್ಟು ಹೋದೀತು" ಎಂದು ಅಪ್ಪ ಹಿಂದೆಯೇ ಬಂದರು. "ನೀವು ಸುಮ್ಮನಿರ್ರಿ. ಈ ಒಲಿ ಎಷ್ಟು ಕಾಯ್ತದ ಅನ್ನೂದು ನನಗ ಗೊತ್ತೈತಿ" ಎಂದಳು. ಕೆಂಡವನ್ನು ಅಷ್ಟಷ್ಟೇ ಮುಂದೂಡುತ್ತ, ಹಿಂದೆಳೆಯುತ್ತ, ಚರ್ಮಕ್ಕೆ ಹಿಂಗೈ ಹಚ್ಚಿ ನೋಡುತ್ತ ಕೂತಳು. ಅಪ್ಪ ಸ್ವಲ್ಪ ಹೊತ್ತು ನಿಂತು ನೋಡಿ, ಗೋಣಿಚೀಲವನ್ನೇ ಮಡಚಿ ಅವಳಿಗೆ ಕೂರಲು ಕೊಟ್ಟು, ತಣ್ಣೀರಿನಲ್ಲಿ ಸ್ನಾನ ಮಾಡಲು ಬಾವಿಕಟ್ಟೆಗೆ ಹೋದರು.

ಗಣಪತಿ ಮನೆಯ ಮುಂದೆ ಬಂದಾಗ ಅವ್ವ ನಗಾರಿಯನ್ನು ಕಟ್ಟೆಯ ಮೇಲಿಟ್ಟು ಎರಡೂ ಕೋಲು ಎತ್ತಿದಳು. ಢಂ! ಪಾರಿವಾಳಗಳು ಹಾರಿದವು, ಎದುರು ಮನೆಯ ಕೂಸು ಎಚ್ಚರವಾಗಿ ಕಿರುಚಿತು, ಗಣಪತಿ ಹೊತ್ತವರ ಹೆಜ್ಜೆ ಕುಣಿತವಾಯಿತು. ಓಣಿಯಲ್ಲಿ ಎಂದೂ ದನಿಯೆತ್ತಿ ಯಾರನ್ನೂ ಕರೆಯದ ಅವ್ವ, ಕುಂಕುಮ ಬೆವರಲ್ಲಿ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಬಾರಿಸಿಯೇ ಬಾರಿಸಿದಳು. ನಾನು ಎಲ್ಲ ನಾಚಿಕೆ ಮರೆತು ಹುಚ್ಚಿಯಂತೆ ಕುಣಿದೆ.

"ಸಾಕು ಮಾರಾಯ್ತಿ, ಕೈ ಬಿದ್ದು ಹೋದಾವು" ಎಂದರು ಅಪ್ಪ, ನಗುತ್ತ.

"ಇನ್ನೊಂದಿಷ್ಟು ತಡೀರಿ" ಎಂದಳು ಅವ್ವ, ಕೋಲು ನಿಲ್ಲಿಸದೆ. "ನಮ್ಮಪ್ಪಗ ಕೇಳಬೇಕಲ್ಲ, ಕಿವಿ ಮಂದ ಇದ್ದೂವು."