ಮಾವನ ಮಧ್ಯಾಹ್ನದ ನಿದ್ದೆ

ಬೀರೇಶನ ಅಜ್ಜ ಕುರಿ ಕಾದ, ಅಪ್ಪನೂ ಕುರಿ ಕಾದ. ಬೀರೇಶ ಕುಳಗೇರಿ ಕ್ರಾಸಿನ ಫ್ಯಾನು-ಕೂಲರ್ ಅಂಗಡಿಯಲ್ಲಿ ಗಿರಾಕಿಗಳನ್ನು ಕಾಯುತ್ತಾನೆ. ಕುರಿಗಳು ಹೇಳಿದ ಮಾತು ಕೇಳುತ್ತವೆ, ವ್ಯತ್ಯಾಸ ಅಷ್ಟೇ. ಮಂದಿಯ ಮನೆ ತಂಪು ಮಾಡುವ ವಿಷಯದಲ್ಲಿ ಅವನಷ್ಟು ಮಾತಾಡುವವರು ಬಾದಾಮಿ ತಾಲೂಕಿನಲ್ಲೇ ಸಿಗಲಿಕ್ಕಿಲ್ಲ. ಅವನ ಸ್ವಂತ ಮನೆ ಮಾತ್ರ ಕಾದ ರೊಟ್ಟಿಹಂಚು.

ಮನೆಯೆಂದರೆ ಲಾಡಬಿ ಚಾಚಿಯ ಮನೆಯ ಮೇಲಿನ ಬಾಡಿಗೆಯ ಒಂದು ಕೋಣೆ, ಒಂದು ಅಡುಗೆಮನೆ. ಮೇಲೆ ಆರ್‌ಸಿಸಿ, ಪಡುವಣಕ್ಕೆ ದೊಡ್ಡ ಕಿಟಕಿ. ಬಾಡಿಗೆಗೆ ಹಿಡಿಯುವಾಗ "ಗಾಳಿ-ಬೆಳಕು ಭಾಳ ಚೊಲೋ ಐತಿ" ಎಂದು ಹೆಂಡತಿ ಜಯಶ್ರೀಗೆ ಹೇಳಿದವನು ಅವನೇ. ಏಪ್ರಿಲ್ ಬಂದಾಗ ಒಳಗೆ ಬರುವುದು ಗಾಳಿಯೋ ಬೆಂಕಿಯೋ ಎಂಬುದೇ ತಿಳಿಯುತ್ತಿರಲಿಲ್ಲ.

ಜಯಶ್ರೀ ಬಾಣಂತನಕ್ಕೆಂದು ತವರುಮನೆ ಮರೋಳಕ್ಕೆ ಹೋಗಿದ್ದಳು. ಕೂಸಿಗೆ ಐದು ತಿಂಗಳು ತುಂಬಿತು. ಕರೆದುಕೊಂಡು ಬರಲು ಬೀರೇಶ ತುದಿಗಾಲಲ್ಲಿ ನಿಂತಿದ್ದ. ಅಡ್ಡ ನಿಂತವರು ಮಾವ ಹುಲ್ಲಪ್ಪ.

"ಅಳ್ಯಾರ, ಹ್ವಾದ ಬ್ಯಾಸಗ್ಯಾಗ ನಿಮ್ಮ ಮನಿಗಿ ಬಂದಾಗ ನನ್ನ ತಲೀನ ಬೆಂದಿತ್ತು. ಆ ಭಟ್ಟ್ಯಾಗ ಕೂಸಿನ್ನ ಕಳಸ್ಲೇನು? ಮೈತುಂಬ ಬೆವರಸಾಲಿ ಏಳತಾವು" ಎಂದರು ಫೋನಿನಲ್ಲಿ.

"ಮನಿ ತಂಪ ಮಾಡ್ತೇನ್ರಿ ಮಾವಾರ."

"ನಿಮ್ಮ ಮಾತ ಹೆಂಗ ನಂಬೂದು? ನೀವು ಮಾರೂ ಮಂದಿ. ಬರೂ ಐತವಾರ ಬರ್ತೇನಿ. ಮಧ್ಯಾಹ್ನ ಉಂಡು ಅಲ್ಲೇ ಮಲಗ್ತೇನಿ. ನನಗ ನಿದ್ದಿ ಹತ್ತಿದ್ರ ಕೂಸಿಗೂ ಹತ್ತತೈತಿ. ಇಲ್ಲಾಂದ್ರ ಮಳಿ ಆಗೂತನಕ ಕೇಳಬ್ಯಾಡ್ರಿ."

ಹುಲ್ಲಪ್ಪನವರು ಹಗಲು ಬೇವಿನ ನೆರಳಲ್ಲಿ, ರಾತ್ರಿ ಮಣ್ಣಿನ ಮಾಳಿಗೆಯ ಕೆಳಗೆ ಮಲಗಿ ರೂಢಿಯಾದ ಜೀವ. ಅವರ ನಿದ್ದೆಯನ್ನು ಪುಸಲಾಯಿಸುವುದು ಗಿರಾಕಿಯನ್ನು ಪುಸಲಾಯಿಸಿದಂತಲ್ಲ.

ಬೀರೇಶ ಮೊಬೈಲಿನಲ್ಲಿ ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿದ. ಮಾಳಿಗೆಗೆ ಸುಣ್ಣ ಬಳಿದರೆ ಬಿಸಿಲು ತಿರುಗಿ ಹೋಗುತ್ತದೆ ಎಂದು ಒಬ್ಬ ಹೇಳಿದ್ದ. ಮರುದಿನ ಊಟದ ಬಿಡುವಿನಲ್ಲಿ ನೆತ್ತಿ ಸುಡುವ ಬಿಸಿಲಿಗೆ ಮೇಲೇರಿ, ಕಾದ ಮಾಳಿಗೆಗೆ ಗಡಿಬಿಡಿಯಿಂದ ಸುಣ್ಣ ಬಳಿದು, ತನ್ನ ಬೆನ್ನು ತಾನೇ ತಟ್ಟಿಕೊಂಡು ಇಳಿದ. ಬಳಿದ ಸುಣ್ಣ ಅಲ್ಲೇ ಒಣಗಿ ಪುಡಿಯಾಯಿತು. ಬೆಳಿಗ್ಗೆ ಗಾಳಿ ಬೀಸಿದಾಗ ಪುಡಿಯೆಲ್ಲ ಅಂಗಳದಲ್ಲಿ ಲಾಡಬಿ ಚಾಚಿ ಒಣಹಾಕಿದ್ದ ಶಾವಿಗೆಯ ಮೇಲೆ ಇಳಿಯಿತು.

"ಏ ಬೀರೇಶಾ! ನನ್ನ ಶಾವಿಗಿಗಿ ಪೌಡರ್ ಯಾಕ ಹಚ್ಚೀಪಾ?"

"ಚಾಚಿ, ಅದು ತಂಪ ಆಗ್ಲಿ ಅಂತ..."

"ಶಾವಿಗಿ ತಂಪ ಆಗಬೇಕಿತ್ತೇನು?"

ಸುಣ್ಣದ ಚೀಲದ ಮೇಲೆ ಸ್ಪಷ್ಟವಾಗಿಯೇ ಬರೆದಿತ್ತು: ಬಿಸಿಲಿಳಿದ ಮೇಲೆ, ಮೊದಲು ನೀರು ಚಿಮುಕಿಸಿ, ನಂತರ ಬಳಿಯಿರಿ. ದಿನಾ ಗಿರಾಕಿಗಳಿಗೆ "ಮೊದ್ಲ ಪುಸ್ತಕ ಓದ್ರಿ, ಆಮ್ಯಾಲ ಸ್ವಿಚ್ ಹಾಕ್ರಿ" ಎನ್ನುವ ಮನುಷ್ಯ ಚೀಲ ಓದಿರಲಿಲ್ಲ. ಚಾಚಿಗೆ ಹೊಸ ಶಾವಿಗೆ ತಂದುಕೊಟ್ಟು, ಸಂಜೆ ಮಾಳಿಗೆ ಗುಡಿಸಿ, ತೋಯಿಸಿ, ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಸಲ ಬಳಿದ. ಈ ಸಲ ಸುಣ್ಣ ಕೂತಿತು. ಮರುದಿನ ಮಧ್ಯಾಹ್ನ ಒಳಗಿನ ಛತ್ತು ಮೊದಲಿನಂತೆ ತಲೆಯ ಮೇಲೆ ಕೆಂಡ ಸುರಿಯಲಿಲ್ಲ.

ಅಷ್ಟಕ್ಕೇ ಹುರುಪು ಬಂತು. ಅಂಗಡಿಯ ಖಾಲಿ ರಟ್ಟಿನ ಡಬ್ಬಿಗಳನ್ನು ಬಿಚ್ಚಿ ಪಡುವಣ ಕಿಟಕಿಗೆ ಹೊರಗಿನಿಂದ ಕಟ್ಟಿದ. ಅಂಗಡಿಯ ಮೆಕ್ಯಾನಿಕ್ ಮುಕ್ತಾರ ಗೋದಾಮಿನಲ್ಲಿ ಬಿದ್ದಿದ್ದ ಹಳೆಯ ಕೂಲರ್ ಒಂದನ್ನು ಕೊಟ್ಟ. ಬೀರೇಶ ಅದರ ತೂತು ಮುಚ್ಚಿ, ಹೊಸ ಹುಲ್ಲು ತುಂಬಿದ.

"ಲೇ, ಮಾವಗ ನಿದ್ದಿ ಬರ್ಲಿಲ್ಲಂದ್ರ ಜೋಗುಳಾ ಮಾತ್ರ ಹಾಡಬ್ಯಾಡ," ಎಂದ ಮುಕ್ತಾರ. "ನಿನ್ನ ದನಿ ಕೇಳಿ ಮರೋಳದಾಗಿನ ಕುರೀನೂ ಓಡಿ ಹೋದಾವು."

ಐತವಾರ ಹುಲ್ಲಪ್ಪನವರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಸ್ಸಿಳಿದರು. ರೊಟ್ಟಿ ಉಂಡರು. ಲಾಡಬಿ ಚಾಚಿ ಕಳಿಸಿದ, ಸುಣ್ಣವಿಲ್ಲದ ಶಾವಿಗೆ ಪಾಯಸವನ್ನೂ ಉಂಡರು. ಜ್ವರ ಬಂದ ಕುರಿಯನ್ನು ಮುಟ್ಟಿ ನೋಡುವಂತೆ ಗೋಡೆಗೆ ಅಂಗೈ ಇಟ್ಟು ನೋಡಿ, "ಹೂಂ" ಎಂದು ನೆಲದ ಮೇಲೆ ಕಂಬಳಿ ಹಾಸಿ ಉರುಳಿಕೊಂಡರು.

ಬೀರೇಶ ಕೂಲರ್ ಹಾಕಿದ. ಹೊರಗಿನ ಝಳ ಒಂದಿಷ್ಟೂ ಬರಬಾರದೆಂದು ಬಾಗಿಲು ಮುಚ್ಚಿದ, ಕಿಟಕಿಗಳನ್ನೆಲ್ಲ ಮುಚ್ಚಿದ, ಸಂದಿಗಳಿಗೆ ಹಳೆಯ ಬಟ್ಟೆ ತುರುಕಿದ. ಮೊದಮೊದಲು ತಂಪೆನಿಸಿತು. ಬರಬರುತ್ತ ಮೈ ಜಿಗಿಜಿಗಿ ಎನ್ನತೊಡಗಿತು. ಹುಲ್ಲಪ್ಪನವರು ಮಗ್ಗುಲು ಬದಲಿಸಿದರು. ಅಂಗಿ ಬಿಚ್ಚಿದರು. ತಲೆಯ ಪಟಗಾ ಬಿಚ್ಚಿ ಅದರಿಂದಲೇ ಗಾಳಿ ಹಾಕಿಕೊಂಡರು.

"ಅಳ್ಯಾರ, ಇದು ಖೋಲಿನೋ, ಕಡಬು ಬೇಯ್ಸೂ ಗಡಗಿನೋ?"

ಬೀರೇಶನಿಗೆ ಜಯಶ್ರೀ, ಕೂಸು, ತೊಟ್ಟಿಲು, ಎಲ್ಲ ಮಳೆಗಾಲದ ಆಚೆಗೆ ಸರಿದು ಹೋದಂತೆ ಕಂಡವು. ಅಷ್ಟರಲ್ಲಿ ಫೋನು. ಹಿಂದಿನ ವಾರ ಕೂಲರ್ ಒಯ್ದಿದ್ದ ಗಿರಾಕಿ ಶಂಕ್ರಪ್ಪ.

"ಏನ್ರಿ, ಎಂಥಾ ಕೂಲರ್ ಕೊಟ್ಟೀರಿ? ಮನ್ಯಾಗ ಕುಂತ್ರ ಸ್ನಾನದ ಹಂಡೇದಾಗ ಕುಂತಂಗ ಆಗೈತಿ!"

ಬೀರೇಶನ ನಾಲಿಗೆಗೆ ಪಾಠ ಬಾಯಿಪಾಠ. "ಶಂಕ್ರಪ್ಪಣ್ಣಾರ, ಬಾಗಲಾ ಕಿಡಕಿ ಎಲ್ಲಾ ಮುಚ್ಚೀರೇನು? ಮುಚ್ಚಬಾರದ್ರಿ. ಇದು ಎಸಿ ಅಲ್ಲ. ಕೂಲರಿನ ಬೆನ್ನ ಹಿಂದ ಕಿಡಕಿ ತಗೀರಿ, ಅದು ಹೊರಗಿನ ಒಣಾ ಗಾಳಿ ಜಗ್ಗಬೇಕು. ಎದುರಿಗಿನ ಬಾಗಲಾ ಸ್ವಲ್ಪ ತಗೀರಿ, ಒಳಗಿನ ಹಸಿ ಗಾಳಿ ಹೊರಗ ಹೋಗಬೇಕು. ಒಯ್ಯೂಮುಂದ ಹೇಳಿದ್ನಲ್ರಿ..."

ಹುಲ್ಲಪ್ಪನವರು ಒಂದು ಕಣ್ಣು ತೆರೆದು ಅಳಿಯನನ್ನೇ ನೋಡುತ್ತಿದ್ದರು.

"ಆ ಶಂಕ್ರಪ್ಪ ಪುಣ್ಯವಂತ. ಅವಂಗರ ಹೇಳವ್ರು ಅದಾರ."

ಬೀರೇಶ ಜಿಗಿದೆದ್ದ. ಪಕ್ಕದ ಹುಣಸೆಮರದ ನೆರಳು ಬೀಳುವ ಬಡಗಣ ಕಿಟಕಿಯ ಬಟ್ಟೆ ಕಿತ್ತು, ಅದನ್ನು ತೆರೆದು, ಕೂಲರಿನ ಬೆನ್ನನ್ನು ಅದಕ್ಕೆ ಆನಿಸಿದ. ಮೆಟ್ಟಿಲ ಕಡೆಯ ಬಾಗಿಲನ್ನು ಗೇಣಗಲ ತೆರೆದಿಟ್ಟ. ಗೋಡೆಯ ಕ್ಯಾಲೆಂಡರ್ ಪಟಪಟ ಎಂದಿತು. ಒಳಗಿನ ಹಬೆ ಬಾಗಿಲಿನಿಂದ ಹೊರಗೆ ನಡೆಯಿತು, ತಂಪು ಗಾಳಿ ಕೋಣೆಯ ಉದ್ದಕ್ಕೂ ಹರಿಯಿತು. ಮುಂದೆ ನೋಡುವ ಧೈರ್ಯ ಸಾಲದೆ ಬೀರೇಶ ಹೊರಗೆ ಮೆಟ್ಟಿಲ ಮೇಲೆ ಕೂತ.

ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಕ್ರಾಸಿನಲ್ಲಿ ಲಾರಿ ಗೇರು ಬದಲಿಸಿದಂಥ ಸದ್ದು. ರಸ್ತೆ ನೋಡಿದ, ಲಾರಿ ಇರಲಿಲ್ಲ. ಸದ್ದು ಒಳಗಿನಿಂದ ಬರುತ್ತಿತ್ತು.

ಜಯಶ್ರೀಗೆ ಫೋನು ಹಚ್ಚಿದ.

"ಏನಂದನ್ರಿ ಅಪ್ಪ?"

ಉತ್ತರ ಕೊಡದೆ ಫೋನನ್ನು ಬಾಗಿಲ ಸಂದಿಗೆ ಹಿಡಿದ. ಆ ಕಡೆಯಿಂದ ನಗು ಕೇಳಿಸಿತು.

"ಅಯ್ಯ, ಹೊಲದಾಗ ಬೇವಿನ ಗಿಡದ ಬುಡಕ ಮಲಗಿದಾಗಷ್ಟ ಹಿಂಗ ಗೊರಕಿ ಹೊಡೀತಾನ್ರಿ ಅಪ್ಪ! ಕೂಸಿನ ಅರಿವಿ ಗಂಟು ಕಟ್ಟಲೇನು?"

"ಕಟ್ಟು," ಎಂದ ಬೀರೇಶ.

ಬಿಸಿಲು ಇಳಿದ ಮೇಲೆ ಹುಲ್ಲಪ್ಪನವರು ಗಡಬಡಿಸಿ ಎದ್ದು ಬಾಗಿಲಿಗೆ ಬಂದರು. ಕೆನ್ನೆಯ ಮೇಲೆ ಕಂಬಳಿಯ ಗೆರೆಗಳು ಮೂಡಿದ್ದವು.

"ಎಬ್ಬಸಬಾರದೇನ್ರಿ? ನನ್ನ ಬಸ್ಸು ಹೋತಲ್ಲ!"

ಮಾವನ ಬೈಗುಳ ಇಷ್ಟು ಇಂಪಾಗಿರುತ್ತದೆಂದು ಬೀರೇಶನಿಗೆ ಗೊತ್ತಿರಲಿಲ್ಲ. "ಇರ್ಲಿ ಬಿಡ್ರಿ ಮಾವಾರ, ಮುಂಜಾನೆ ಇಬ್ರೂ ಕೂಡೇ ಹೋಗೂಣು," ಎಂದು ಚಹಾಕ್ಕೆ ನೀರಿಡಲು ಒಳಗೆ ಹೋದ.