ನಿಲ್ಲದ ಗಟ್ಟಿಮೇಳ

ಆರ್.ಟಿ. ನಗರದಲ್ಲಿ ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ಡ್ರಮ್ಮರ್ ನುಡಿಸುತ್ತಿದ್ದದ್ದು ಫ್ರೀ ಜಾಝ್. ಅದರಲ್ಲಿ ತಾಳ ಹಿಡಿಯಲೇಬೇಕೆಂಬ ಕಟ್ಟುಪಾಡಿಲ್ಲವಂತೆ. ಕೋಲನ್ನು ಕಿವಿಗೆ ಹಿಡಿದು, ಅದು ಏನೋ ಹೇಳಿತೆಂಬಂತೆ ತಲೆಯಾಡಿಸಿ ಶುರು ಮಾಡುವರು. ಅವರು ನುಡಿಸುವ ಹೋಟೆಲುಗಳಲ್ಲಿ ಜನ ಅರ್ಧ ಊಟಕ್ಕೇ ಎದ್ದು ಹೋಗುತ್ತಿದ್ದುದರಿಂದ ಯಾವ ಕೆಲಸದಲ್ಲೂ ವಾರಕ್ಕಿಂತ ಹೆಚ್ಚು ಉಳಿದವರಲ್ಲ.

"ತಾಳ ಎಲ್ರೀ?" ಎಂದು ಅಪ್ಪ ರೇಗಿದರೆ, "ತಾಳ ಬೇಕಾದ್ರೆ ಗಡಿಯಾರ ಇದೆಯಲ್ಲ ಸಾರ್" ಎನ್ನುವರು.

ಎಪ್ಪತ್ತರ ದಶಕದ ಕೊನೆಗೆ ಯಲಹಂಕದ ಛತ್ರದಲ್ಲಿ ನನ್ನ ಮದುವೆ. ಮುಹೂರ್ತ ಬಂದರೂ ಡೋಲಿನವನು ಬರಲಿಲ್ಲ. ತಾಳಿ ಕಟ್ಟುವಾಗ ಸೀನು ಗೀನು ಕೇಳಿಸದಂತೆ ಗಟ್ಟಿಮೇಳ ಆಗಲೇಬೇಕಲ್ಲ? ಅಪ್ಪ ಅಡುಗೆಯವರ ಎರಡು ಕೊಳಗ ತಂದು, ಊಟಕ್ಕೆ ಬಂದಿದ್ದ ಡ್ರಮ್ಮರ್ ಮುಂದೆ ಬೋರಲು ಹಾಕಿದರು.

"ಜೋರಾಗಿ ಬಾರಿಸ್ರೀ! ತಾಳ ಗೀಳ ಏನೂ ಬೇಡ!"

ಈ ಮಾತನ್ನು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಸೌಟನ್ನು ಕಿವಿಗೆ ಹಿಡಿದು ಶುರು ಮಾಡಿದರು.

ಮೂರು ಗಂಟು ಬಿದ್ದವು. ಅವರು ನಿಲ್ಲಿಸಲಿಲ್ಲ. ಗಟ್ಟಿಮೇಳದ ನಡುವೆ ಏಳುವುದು ಅಪಶಕುನವೆಂದು ಯಾರೂ ಕದಲಲಿಲ್ಲ. ಅಕ್ಷತೆ ಮುಗಿದು ಉಗ್ರಾಣದಿಂದ ಅಕ್ಕಿ ಬಂತು, ಆಮೇಲೆ ತೊಗರಿಬೇಳೆ.

"ಇನ್ನೂ ಕಟ್ಬೇಕಾ ಸ್ವಾಮಿ?" ಎಂದು ನನ್ನ ಗಂಡ ಕಿರುಚಿದರು.

"ಅದು ನಿಲ್ಲೋ ತನಕ ಕಟ್ತಾ ಇರಪ್ಪಾ!" ಎಂದರು ಪುರೋಹಿತರು.

ಹನ್ನೊಂದನೆಯ ಗಂಟಿಗೆ ನಿಂತಿತು. ಅಷ್ಟರಲ್ಲಿ ಸಾರು ಆರಿ ತಣ್ಣಗಾಗಿತ್ತು. ಅಪ್ಪ ಬಯ್ಯಲೆಂದೇ ನುಗ್ಗಿದರು. ಡ್ರಮ್ಮರ್ ಬೆವರೊರೆಸಿಕೊಳ್ಳದೆ ತುಂಬಿದ ಛತ್ರವನ್ನು ಸಾಲು ಸಾಲಾಗಿ ನೋಡುತ್ತಿದ್ದರು.

"ಸಾರ್," ಎಂದರು ಮೆಲ್ಲಗೆ, "ಒಬ್ರೂ ಎದ್ದು ಹೋಗ್ಲಿಲ್ಲ."