ವಿಭೂತಿ ಕೊಟ್ಟ ಕೈ

ನನ್ನ ಸೋದರತ್ತೆಯ ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಹುಟ್ಟಿದಾಗಿನಿಂದಲೂ ಹಾಗೆಯೇ ಅಂತೆ. ಚಪ್ಪಲಿ ಹಿಡಿಸುತ್ತಿರಲಿಲ್ಲವಾದ್ದರಿಂದ ಪಣಕಹಳ್ಳಿಯ ಹೊಲದಲ್ಲೂ ತಾಳವಾಡಿಯ ಸಂತೆಯಲ್ಲೂ ಬರಿಗಾಲಿನಲ್ಲೇ ಓಡಾಡಿದಳು. ಕೆಸರಿನಲ್ಲಿ ಹೆಜ್ಜೆ ಕಂಡರೆ ಸಾಕು, ಅತ್ತೆ ಯಾವ ಕಡೆ ಹೋದಳೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಹೊಲ, ಮನೆ, ಎತ್ತು ಎಲ್ಲ ಇದ್ದ ಹೆಂಗಸು. ಬಾಗಿಲಿಗೆ ಬಂದವರನ್ನು ಯಾರು, ಯಾಕೆ ಬಂದಿರಿ ಅನ್ನುವ ಮೊದಲು ಉಂಡಿರಾ ಎಂದು ಕೇಳುತ್ತಿದ್ದಳು. ಆದರೆ ತಪ್ಪು ಮಾಡಿದವರನ್ನು ಸುಮ್ಮನೆ ಬಿಟ್ಟವಳಲ್ಲ. ಪಕ್ಕದ ಹೊಲದವನ ಹಸು ಒಮ್ಮೆ ಅವಳ ರಾಗಿ ಪೈರಿಗೆ ಬಾಯಿ ಹಾಕಿತು. ಅತ್ತೆ ಬಯ್ಯಲಿಲ್ಲ, ಪಂಚಾಯ್ತಿಗೂ ಹೋಗಲಿಲ್ಲ. ಹಸುವನ್ನು ತಂದು ತನ್ನ ಕೊಟ್ಟಿಗೆಯಲ್ಲಿ ಕಟ್ಟಿ, ಅವನು ಹುಡುಕಿಕೊಂಡು ಬರುವವರೆಗೂ ಹಾಲು ಕರೆದುಕೊಂಡಳು. ಬಂದವನನ್ನು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟಳು. ಅವನು ಕುಡಿದು ಮೀಸೆ ಒರೆಸಿಕೊಂಡ ಮೇಲೆ, ಅದು ಯಾವ ಹಸುವಿನ ಮಜ್ಜಿಗೆಯೆಂದು ಹೇಳಿದಳು. ನನಗೆ ಅವಳು ಇಷ್ಟವಾದದ್ದೇ ಈ ಗುಣಕ್ಕೆ. ಎಲ್ಲರನ್ನೂ ಕ್ಷಮಿಸಿಕೊಂಡು ತಿರುಗುವವರನ್ನು ಕಂಡರೆ ನನಗೆ ಇವತ್ತಿಗೂ ಅಷ್ಟಕ್ಕಷ್ಟೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಅವಳ ಒಬ್ಬನೇ ಮಗ ಜ್ವರ ಬಂದು ಕೈತಪ್ಪಿ ಹೋಗುವ ಹಾಗಾದ. ಉಳಿದರೆ ಮಾದಪ್ಪನ ಹೆಸರಿನಲ್ಲಿ ಭಿಕ್ಷೆ ಎತ್ತುತ್ತೇನೆಂದು ಅತ್ತೆ ಹರಕೆ ಹೊತ್ತಳು. ತಮಿಳು ಸೀಮೆಗೆ ಸೇರಿದ್ದರೂ ಕನ್ನಡವಾಡುವ ನಮ್ಮ ಬೆಟ್ಟದ ಕಡೆ ಅದು ಉಳ್ಳವರೂ ಮಾಡುವ ಹರಕೆ. ಹಳೇ ಸೀರೆ ಉಟ್ಟು, ಹಣೆತುಂಬ ವಿಭೂತಿ ಬಳಿದು, ಹೆಗಲಿಗೆ ಜೋಳಿಗೆ ಹಾಕಿಕೊಂಡು ಬೇರೆ ಊರಿನ ಬೀದಿಯಲ್ಲಿ ಬೇಡಬೇಕು. ಬಂದ ಧಾನ್ಯವನ್ನು ಬೇಯಿಸಿ ಜನಕ್ಕೆ ಉಣ್ಣಿಸಬೇಕು. ನೀಡುವವರು ಮೊದಲು ಜೋಳಿಗೆಗೆ ಕೈಮುಗಿಯುತ್ತಾರೆ. ಮಗ ಹುಷಾರಾಗಿ ಘಟ್ಟದ ಕೆಳಗಿನ ಗೋಬಿ ಪಟ್ಟಣದ ಕಾಲೇಜಿಗೆ ಸೇರಿದ. ಅತ್ತೆ ಹರಕೆ ತೀರಿಸಲು ತಾಳವಾಡಿಗೆ ಬಂದಳು.

ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಸಣ್ಣ ಸ್ಟುಡಿಯೊ ಇತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕೂಲಿಗೆ ಹೊರಟ ಹೆಂಗಸರೂ ಸೆರಗಿನಲ್ಲಿ ತಂದ ರಾಗಿ ಹಾಕಿ ಕೈಮುಗಿದು ಹೋದರು. ಅಷ್ಟರಲ್ಲಿ ಸತ್ಯಮಂಗಲದ ಬಸ್ಸಿನಿಂದ ಇಳಿದ ಒಬ್ಬ, ಕೊರಳಲ್ಲಿ ದೊಡ್ಡ ಕ್ಯಾಮೆರಾ, ಅತ್ತೆಯ ಮುಂದೆ ಬೀದಿಯ ಮಣ್ಣಿನಲ್ಲೇ ಮೊಣಕಾಲೂರಿದ. ಕೆಳಗಿನಿಂದ ಪಟ ಹೊಡೆಯುವುದಕ್ಕೆ ಎಂದು ನನಗೆ ಗೊತ್ತಾಯಿತು. ಅತ್ತೆಗೆ ಹೇಗೆ ಗೊತ್ತಾಗಬೇಕು? ಮಾದಪ್ಪನ ಜೋಳಿಗೆಗೆ ಅಡ್ಡಬೀಳಲು ಬಂದ ಭಕ್ತ ಅಂದುಕೊಂಡಳು. ಜೋಳಿಗೆಯಿಂದ ಚಿಟಿಕೆ ವಿಭೂತಿ ತೆಗೆದು ಅವನ ಹಣೆಗೆ ಹಚ್ಚಲು ಕೈ ಚಾಚಿದಳು. ಅವನು ಗುಂಡಿ ಒತ್ತಿದ. ಅವಳು ಹಚ್ಚಿದ್ದನ್ನು ಟೀ ಅಂಗಡಿಯ ಹತ್ತಿರ ಹೋಗಿ ಕರವಸ್ತ್ರದಿಂದ ಒರೆಸಿಕೊಂಡ.

ಆ ಪಟ ಒಂದು ತಮಿಳು ವಾರಪತ್ರಿಕೆಯಲ್ಲಿ ಪುಟದ ತುಂಬ ಬಂತು. ಹಳೇ ಸೀರೆ, ಬರಿಗಾಲು, ಮುಂದೆ ಚಾಚಿದ ಕೈ. ಕೆಳಗೆ ಒಂದೇ ಒಂದು ಮಾತು: ‘ಪಸಿ’. ಹಸಿವು ಎಂದು. ಗೋಬಿಯ ಹಾಸ್ಟೆಲಿನಲ್ಲಿ ಯಾರೋ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದರು. ಅತ್ತೆಯ ಮಗ, ಇದು ನಮ್ಮವ್ವ, ಹರಕೆ ತೀರಿಸುತ್ತಿದ್ದಾಳೆ ಎಂದ. ಘಟ್ಟದ ಕೆಳಗಿನ ತಮಿಳು ಹುಡುಗರು ನಂಬಲಿಲ್ಲ. ಮಾನ ಮುಚ್ಚಿಕೊಳ್ಳಲು ಕಥೆ ಕಟ್ಟುತ್ತಾನೆ ಎಂದುಕೊಂಡು, ತಮ್ಮ ತಮ್ಮ ಹಳೇ ಅಂಗಿ ಪ್ಯಾಂಟುಗಳನ್ನು ಒಟ್ಟುಮಾಡಿ ಗಂಟು ಕಟ್ಟಿ ಅವನ ಮಂಚದ ಮೇಲೆ ಇಟ್ಟರು. ಕೆಟ್ಟ ಹುಡುಗರಲ್ಲ. ನನಗೆ ಹೊಟ್ಟೆ ಉರಿಯುವುದೇ ಅದಕ್ಕೆ. ಗೇಲಿ ಮಾಡಿದ್ದರೆ ಅವನು ಹೊಡೆದಾಡಿಯಾದರೂ ಅಲ್ಲೇ ಉಳಿಯುತ್ತಿದ್ದ.

ಗಂಟು ಹೊತ್ತುಕೊಂಡು ಊರಿಗೆ ಬಂದವನು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಅತ್ತೆ ಅಳಲಿಲ್ಲ. ಗಂಟನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು.

“ಇರ್ಲಿ ಬುಡು,” ಅಂದಳು ನನಗೆ. “ಈ ಬಟ್ಟೆ ಆಕ್ಕೊಳೋನು ಬತ್ತಾನೆ.”

ಪಟ ಹೊಡೆದವನು ಬಂದೇ ಬಂದ. ಎಂಬತ್ತರ ದಶಕದ ಆರಂಭವಿರಬೇಕು, ಅದೇ ಪಟ ಹಿಡಿದುಕೊಂಡು ನೇರವಾಗಿ ನನ್ನ ಸ್ಟುಡಿಯೊಗೇ ಬಂದು ಈ ಮುದುಕಿ ಎಲ್ಲಿ ಸಿಗುತ್ತಾಳೆ ಎಂದು ಕೇಳಿದ. ಪಟಕ್ಕೆ ಒಳ್ಳೆಯ ಹೆಸರು ಬಂದಿದೆಯಂತೆ, ಅವಳದೇ ಇನ್ನಷ್ಟು ಬೇಕಂತೆ. ನಾನು ಅಂಗಡಿಗೆ ಬೀಗ ಹಾಕಿ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟು, ಅವನನ್ನು ಪಣಕಹಳ್ಳಿಗೆ ಕರೆದುಕೊಂಡು ಹೋದೆ. ಅಷ್ಟು ಮರ್ಯಾದೆಯನ್ನು ನಾನು ನೆಂಟರಿಗೂ ಮಾಡಿದವನಲ್ಲ.

ಅತ್ತೆ ಜಗಲಿಯಲ್ಲಿ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಒಳ್ಳೆಯ ಸೀರೆ, ಕಿವಿಯಲ್ಲಿ ಚಿನ್ನದ ಓಲೆ. ಅವನು ಅವಳ ಮುಖವನ್ನೇ ನೋಡಿದ. ನೋಡಿ, ಅವಳ ಕೈಗೇ ಪಟ ಕೊಟ್ಟು, ಈ ಬಡವಿಯ ಗುಡಿಸಲು ಎಲ್ಲಿ ಎಂದು ಕೇಳಿದ. ಎಷ್ಟೋ ಜನಕ್ಕೆ ತೋರಿಸಿದ ಮುಖ ಅವನಿಗೇ ಗೊತ್ತಿರಲಿಲ್ಲ.

ಅತ್ತೆ ಅವನನ್ನೂ ಉಂಡೆಯಾ ಎಂದು ಕೇಳಿದಳು. ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಆಮೇಲೆ ತಮಿಳಿನಲ್ಲಿ ಬಹಳ ನಯವಾಗಿ, ಆ ಹೆಂಗಸು ಸುಮ್ಮನೆ ಯಾರಿಗೂ ಮುಖ ಕೊಡುವುದಿಲ್ಲ, ಬೇರೆಯವರ ಹಳೇ ಬಟ್ಟೆ ಹಾಕಿಕೊಂಡು ಅವಳ ಹಾಗೆಯೇ ಬೀದಿಯಲ್ಲಿ ಬೇಡಿದವರ ಹತ್ತಿರ ಮಾತ್ರ ಬರುತ್ತಾಳೆ ಎಂದಳು. ಅವನಿಗೆ ಹಿಗ್ಗೋ ಹಿಗ್ಗು. ಪೆಟ್ಟಿಗೆಯ ಬೀಗ ತೆರೆಯಿತು. ಹಾಸ್ಟೆಲಿನ ಅಂಗಿ ಅವನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಮಾದಪ್ಪನ ಜೋಳಿಗೆಯನ್ನು ಮಾತ್ರ ಅತ್ತೆ ಅವನಿಗೆ ಮುಟ್ಟಿಸಲಿಲ್ಲ. ಹುರುಳಿ ತುಂಬುವ ಚೀಲ ಕೊಟ್ಟಳು. ಹಣೆಗೆ ವಿಭೂತಿಯನ್ನೂ ಇಡಲಿಲ್ಲ.

ತಾಳವಾಡಿಯ ಬೀದಿಯಲ್ಲಿ ಅವನು ಬರಿಗಾಲಿನಲ್ಲಿ ಇಳಿದಾಗ ನಮ್ಮ ಜನಕ್ಕೆ ಇದು ಹರಕೆಯಲ್ಲವೆಂದು ನೋಡಿದ ಕೂಡಲೇ ತಿಳಿಯಿತು. ಯಾರೂ ಕೈಮುಗಿಯಲಿಲ್ಲ, ಒಂದು ಕಾಳೂ ಹಾಕಲಿಲ್ಲ. ನಿಂತಿದ್ದ ಬಸ್ಸಿನಲ್ಲಿದ್ದ ಹೊರಗಿನವರಿಗೆ ಏನು ಗೊತ್ತು? ಕಿಟಕಿಯ ಪಕ್ಕದ ಹೆಂಗಸು ಲೊಚಗುಟ್ಟಿ, ಮಗು ತಿನ್ನುತ್ತಿದ್ದ ಬನ್ನಿನಲ್ಲಿ ಅರ್ಧ ಮುರಿದು ಹೊರಗೆ ನೀಡಿದಳು. ಏನು ಮಾಡಬೇಕೆಂದು ತೋಚದೆ ಅವನು ಕೈ ಚಾಚಿದ. ನಾನು ಬೀದಿಯ ಮಣ್ಣಿನಲ್ಲಿ ಮೊಣಕಾಲೂರಿ ಗುಂಡಿ ಒತ್ತಿದೆ.

ಅತ್ತೆ ಸ್ಟುಡಿಯೊದ ಮೆಟ್ಟಿಲ ಮೇಲೆ ಕೂತು ಬಲಗಾಲು ಮುಂದೆ ಚಾಚಿದಳು. ತಮಿಳು ಬಿಟ್ಟು ಕನ್ನಡಕ್ಕೆ ಇಳಿದಿದ್ದಳು.

“ಈ ಎಬ್ಬೆಟ್ಟು ನೋಡ್ಲಾ. ನಿನ್ ಪಟದಲ್ಲೂ ಅದೆ. ಅವತ್ತು ನಾ ಕೈ ಚಾಚುದ್ದು ನಿನ್ ಅಣೆಗೆ ಇಬೂತಿ ಇಕ್ಕಕೆ ಕಣ್ಲಾ.”

ಅವನು ಪಟ ನೋಡಿದ, ಕಾಲು ನೋಡಿದ. ಬಡವರಿಗೆ ಒಳ್ಳೆಯದಾಗಲಿ ಅಂತ ತೆಗೆದದ್ದು ಎಂದು ಏನೋ ತೊದಲಿದ. ಯಾರೂ ಕಿವಿಗೊಡಲಿಲ್ಲ.

ನಾನು ತೆಗೆದ ಅವನ ಪಟವನ್ನು ದೊಡ್ಡದು ಮಾಡಿ, ಕೆಳಗೆ ‘ಪಸಿ’ ಎಂದು ಬರೆದು, ಬೀದಿಗೆ ಕಾಣುವ ಗಾಜಿನಲ್ಲಿ ಹಾಕಿದೆ. ಸಂತೆಗೆ ಬಂದಾಗಲೆಲ್ಲ ಅತ್ತೆ ಅದರ ಪಕ್ಕ ನಿಂತು ಹೋಗಿಬರುವವರ ಮಾತು ಕೇಳುತ್ತಿದ್ದಳು. ಯಾರಾದರೂ ಅಯ್ಯೋ ಪಾಪ ಎಂದರೆ ಅವಳ ಮುಖ ಅರಳುತ್ತಿತ್ತು. ಒಮ್ಮೆ ಅವಳ ಹೊಲಕ್ಕೇ ಕೂಲಿಗೆ ಬರುತ್ತಿದ್ದ ಹೆಂಗಸೊಬ್ಬಳು ಅಲ್ಲಿ ನಿಂತು ಕೇಳಿದಳು: “ನಿಮ್ದು ಅರಕೆ, ಸರಿ ಕಣವ್ವ. ನಾವು ನಿಜ್ವಾಗ್ಲೂ ಅಸ್ಕೊಂಡಿದ್ದಾಗ ಪಟ ತೆಗುದ್ರೆ ಸರಿಯಾ?” ಬಸ್ಸು ಹತ್ತುವಾಗ ಅತ್ತೆ ನನ್ನನ್ನು ಕರೆದು, ಆ ಹೆಂಗಸಿನ ಪಾಲಿಗೂ ಸೇರಿಸಿ ಆ ಪಟ ಅಲ್ಲೇ ಇರಲಿ ಎಂದಳು.

ಅವನು ಇನ್ನೊಮ್ಮೆ ಬಂದ. ಹಾಸನೂರು ದಾಟಿ ಬಂದುಹೋಗುವ ಲಾರಿಯವರಿಂದ ಸುದ್ದಿ ಹಬ್ಬಿ, ಅವನ ಊರಿನಲ್ಲಿ ಜನ, ನೀನು ಬೀದಿಯಲ್ಲಿ ಬೇಡಿದ್ದು ನಿಜವಾ ಎಂದು ಅವನನ್ನು ಕೇಳತೊಡಗಿದ್ದರು. ಅಂಗಡಿಯ ಮುಂದೆ ನಿಂತು ಕಣ್ಣೀರು ಹಾಕಿದ, ಪಟ ಇಳಿಸಿ ಎಂದು ಬೇಡಿಕೊಂಡ. ಸಂತೆಗೆ ಬಂದಿದ್ದ ಅತ್ತೆಯ ದನಿ ಏರಲಿಲ್ಲ.

“ನನ್ ಪಟ ಎಷ್ಟು ಮನೇಲದೆ? ಎಲ್ಲಾನೂವೆ ಇಸ್ಕೊಂಡು ಬಾ, ಓಗು. ಅವತ್ತೇ ನಿಂದ ಇಳುಸ್ತೀವಿ.”

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅತ್ತೆ ತೀರಿಕೊಂಡಳು. ಶಿವಗಣಾರಾಧನೆಯ ದಿನ ಹೂವಿನ ಹಾರ ತಂದಾಗ, ಹಾಕುವುದಕ್ಕೆ ಪಟವೇ ಇಲ್ಲ. ಮೊದಲೂ ಪಟ ತೆಗೆಸಿಕೊಂಡವಳಲ್ಲ, ಪತ್ರಿಕೆಯಲ್ಲಿ ಆ ಪಟ ಬಂದ ಮೇಲಂತೂ ಯಾವ ಕ್ಯಾಮೆರಾದ ಮುಂದೂ ನಿಂತಿರಲಿಲ್ಲ, ನನ್ನ ಕ್ಯಾಮೆರಾದ ಮುಂದೂ. ಮಗನ ಮದುವೆಯಲ್ಲೂ ಕಂಬದ ಹಿಂದೆ ಸರಿದಿದ್ದಳು. ಪಟ ತೆಗೆಯುವುದೇ ಕಸುಬಾದ ನನ್ನ ಹತ್ತಿರ ಅವಳದೊಂದೂ ಇಲ್ಲ. ಇರುವುದು ಅವನು ತೆಗೆದದ್ದೊಂದೇ. ಅದರಲ್ಲಿ ಮುಖದಷ್ಟನ್ನು ಕತ್ತರಿಸಿ ದೊಡ್ಡದು ಮಾಡು ಎಂದು ಯಾರೋ ಹೇಳಿದರು. ಅವಳ ಮಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಗೋಡೆಯ ಮೊಳೆಗೆ ಮಾದಪ್ಪನ ಜೋಳಿಗೆ ತೂಗುಹಾಕಿ, ಹಾರವನ್ನು ಅದಕ್ಕೇ ಹಾಕಿದೆವು.

ಅವಳ ಮುಖವನ್ನು ನಮ್ಮಿಂದ ಕಿತ್ತುಕೊಂಡವನು ಮಾತ್ರ ನನ್ನ ಗಾಜಿನೊಳಗೆ ಇದ್ದಾನೆ, ಅರ್ಧ ಬನ್ನಿಗೆ ಕೈ ಚಾಚಿಕೊಂಡು. ತಾಳವಾಡಿಯ ಬಿಸಿಲಿಗೆ ಪಟ ಬಣ್ಣಗೆಡುತ್ತದೆ. ಮಾಸಿದಾಗಲೆಲ್ಲ ನೆಗೆಟಿವ್ ತೆಗೆದು ಹೊಸದಾಗಿ ಪ್ರಿಂಟ್ ಹಾಕುತ್ತೇನೆ.